ಸೊಂಟನೋವಿನವರ ಜಗಲಿ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಗ್ರಂಥಾಲಯವೊಂದರಲ್ಲಿ ನಿವೃತ್ತ ಕನ್ನಡ ಅಧ್ಯಾಪಿಕೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ವಿಷಯಕ್ಕೆ ಬರುವ ಮೊದಲು ಒಂದು ವಿನಂತಿ. ನಿಮ್ಮಲ್ಲಿ ಯಾರಿಗಾದರೂ ಕುಳಿತಲ್ಲೇ ಸೊಂಟ ಹಿಡಿದುಕೊಂಡರೆ ದಯವಿಟ್ಟು ಎದ್ದು ನಿಲ್ಲಿ. ಹಿಂದಿನ ಗೋಡೆಗೆ ಒರಗಿಕೊಳ್ಳಿ, ಬೇಕೆನಿಸಿದರೆ ಹೊರಗೆ ಜಗಲಿಯಲ್ಲಿ ನಾಲ್ಕು ಹೆಜ್ಜೆ ನಡೆದು ಬನ್ನಿ. ನಾನೂ ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತೇನೆ, ಮತ್ತೆ ಕೂರುತ್ತೇನೆ. ಸೊಂಟನೋವಿನವರು ತಿಂಗಳಿಗೊಮ್ಮೆ ಸೇರಿ ಮಾತಾಡುವ ನಮ್ಮ ಕೂಟದ ಮೊದಲ ನಿಯಮವೇ ಇದು. ಸಭೆಯ ನಡುವೆ ಎದ್ದರೆ ಅಮರ್ಯಾದೆಯಾದೀತು ಎಂಬ ಅಂಜಿಕೆಯಿಂದಲೇ ಮದುವೆ, ಉಪನಯನ, ಪೂಜೆಗಳಿಗೆ ಹೋಗುವುದನ್ನು ಬಿಟ್ಟವರು ನಮ್ಮೊಳಗೆ ಇದ್ದಾರೆ. ಪಂಕ್ತಿಯಲ್ಲಿ ನೆಲಕ್ಕೆ ಕೂರಲಾಗದೆ, ಮೇಜಿನ ಊಟಕ್ಕೆ ಕೇಳಲು ನಾಚಿಕೆಪಟ್ಟು, "ಹೊಟ್ಟೆ ಸರಿ ಇಲ್ಲ" ಎಂದು ಸುಳ್ಳು ಹೇಳಿ ಮನೆಗೆ ಮರಳಿದವರೂ ಇದ್ದಾರೆ. ಬೆನ್ನು ನೋವು ಮನುಷ್ಯನನ್ನು ಮೊದಲು ಜನರ ನಡುವಿನಿಂದ ಎಬ್ಬಿಸುತ್ತದೆ, ಆಮೇಲೆ ಕೆಲಸದಿಂದ ಎಬ್ಬಿಸುತ್ತದೆ. ಹೀಗೆ ಎದ್ದುಹೋದವರು ಮರಳಿ ಬಂದು ಕುಳಿತುಕೊಳ್ಳಲು ಒಂದು ಜಾಗ ಹೇಗೆ ಸಿಕ್ಕೀತು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ನನ್ನ ಕಥೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ, ಶಾಲೆಯ ಕಪಾಟಿನ ಕೆಳಗಿನ ಅಂತಸ್ತಿನಿಂದ ಉತ್ತರಪತ್ರಿಕೆಗಳ ಕಟ್ಟೊಂದನ್ನು ಎತ್ತುವಾಗ ಸೊಂಟದಲ್ಲಿ ಏನೋ ಕಳಚಿದಂತಾಯಿತು. ಮೂರನೆಯ ದಿನಕ್ಕೆ ನೋವು ಎಡಗಾಲಿಗೆ ಇಳಿಯಿತು. ಪೃಷ್ಠದಿಂದ ಹಿಮ್ಮಡಿಯವರೆಗೆ ಕಾದ ಕಂಬಿಯೊಂದನ್ನು ಎಳೆದಂಥ ಉರಿ. ಎಣ್ಣೆ ತಿಕ್ಕಿಸಿದೆವು, ಆಟಿ ತಿಂಗಳಿನಲ್ಲಿ ಕಷಾಯ ಕುಡಿದೆ, ಬೆಲ್ಟು ಕಟ್ಟಿದೆ, ಭಾರ ಕಟ್ಟಿ ಸೊಂಟವನ್ನು ಎಳೆಯುವ ಟ್ರ್ಯಾಕ್ಷನ್ ಹಾಕಿಸಿಕೊಂಡೆ. ಎಂಟು ತಿಂಗಳ ಬಳಿಕ ಪಾದವನ್ನು ಮೇಲಕ್ಕೆ ಎತ್ತಲಾಗದೆ ಚಪ್ಪಲಿ ನೆಲಕ್ಕೆ ಉಜ್ಜತೊಡಗಿದಾಗ ಶಸ್ತ್ರಚಿಕಿತ್ಸೆಯಾಯಿತು. ಆ ಎಂಟು ತಿಂಗಳುಗಳಲ್ಲಿ ನೋವಿಗಿಂತ ಹೆಚ್ಚು ಬಾಧಿಸಿದ್ದು ಒಂದು ಮಾತು: "ನೋಡುವಾಗ ನೀವು ಚೆನ್ನಾಗಿಯೇ ಇದ್ದೀರಲ್ಲ ಟೀಚರೇ!" ಕೈ ಮುರಿದವರಿಗೆ ಪ್ಲಾಸ್ಟರ್ ಇರುತ್ತದೆ. ಅದನ್ನು ಕಂಡವರು ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ. ಬೆನ್ನಿನ ನೋವಿಗೆ ಹೊರಗೆ ಕಾಣುವ ಗುರುತೇ ಇಲ್ಲ. ಜ್ವರವಿಲ್ಲ, ಗಾಯವಿಲ್ಲ, ಬಾವೂ ಇಲ್ಲ. ಕೊನೆಕೊನೆಗೆ ನನಗೇ ನನ್ನ ಮೇಲೆ ಸಂಶಯ ಬರತೊಡಗಿತ್ತು.

ಈ ನೋವು ಎಷ್ಟು ಜನರದ್ದು ಎಂಬುದನ್ನು ತಿಳಿದಿದ್ದರೆ ಅಂದು ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವು ಇತ್ತು. 2050ಕ್ಕೆ ಅದು 84 ಕೋಟಿ 30 ಲಕ್ಷವಾದೀತೆಂಬ ಅಂದಾಜಿದೆ. ಮೂರು ತಿಂಗಳು ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಇವರಲ್ಲಿ ಸುಮಾರು 90 ಶೇಕಡಾ ಮಂದಿಯ ನೋವಿಗೆ ಇಂಥದ್ದೇ ಮೂಳೆ, ಇಂಥದ್ದೇ ನರ ಕಾರಣ ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಕಾರಣ ತೋರಿಸಲಾಗದ ನೋವು ಸುಳ್ಳು ನೋವಲ್ಲ. ಈ ಮಾತನ್ನು ನಾನು ಎಲ್ಲಿ ಮಾತಾಡಿದರೂ ಎರಡು ಸಲ ಹೇಳುತ್ತೇನೆ: ಕಾರಣ ತೋರಿಸಲಾಗದ ನೋವು ಸುಳ್ಳು ನೋವಲ್ಲ.

ನಮ್ಮ ಊರಿನ ದುಡಿಮೆಯನ್ನೇ ನೋಡಿ. ಕಾಲಿಗೆ ತಳೆ ಹಾಕಿ ದಿನಕ್ಕೆ ಎಷ್ಟೋ ಅಡಿಕೆ ಮರ ಏರಿ ಇಳಿಯುವವರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವವರು, ಕೆಂಪು ಕಲ್ಲಿನ ಕೋರೆಯಲ್ಲಿ ಕಲ್ಲು ಎತ್ತುವವರು, ಗುಡ್ಡದೊಳಗೆ ನೀರಿಗಾಗಿ ಸುರಂಗ ಕೊರೆಯುತ್ತ ಕುಕ್ಕರುಗಾಲಲ್ಲಿ ಪಿಕ್ಕಾಸು ಬೀಸಿದವರು. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಏರುವ ಕಷ್ಟ ಕಡಿಮೆಯಾಗಿದೆ, ಆದರೆ ದಿನವಿಡೀ ತಲೆ ಮೇಲೆತ್ತಿ ಉದ್ದದ ದೋಟಿಯನ್ನು ಹಿಡಿದು ನಿಲ್ಲುವವರ ಕುತ್ತಿಗೆ ಮತ್ತು ಸೊಂಟ ಬೇರೆ ರೀತಿಯಲ್ಲಿ ದೂರು ಹೇಳುತ್ತಿವೆ. ಇನ್ನು ಬೀಡಿ ಕಟ್ಟುವ ಹೆಂಗಸರು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಬೆನ್ನು ಬಾಗಿಸಿ, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿಸಿ, ನೂಲು ಸುತ್ತುತ್ತ ಬೆಳಗಿನಿಂದ ಸಂಜೆಯವರೆಗೆ ಕೂರುವ ಅವರನ್ನು "ಕೂತು ಮಾಡುವ ಕೆಲಸ ತಾನೇ" ಎಂದು ಹಗುರ ಮಾಡಿದವರಲ್ಲಿ ನಾನೂ ಒಬ್ಬಳಾಗಿದ್ದೆ. ಕೂತು ಮಾಡುವ ಕೆಲಸ ಏನೆಂಬುದು ನನಗೆ ಕೂರಲಾಗದೆ ಹೋದ ಮೇಲೆ ಗೊತ್ತಾಯಿತು.

ಇನ್ನು ಭಾಷೆಯ ವಿಚಾರ. ನಾನು ಭಾಷೆ ಕಲಿಸಿದವಳಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ. ಕಾಸರಗೋಡನ್ನು ಸಪ್ತಭಾಷೆಗಳ ಸಂಗಮ ಭೂಮಿಯೆಂದು ನಾವು ಪ್ರೀತಿಯಿಂದ ಕರೆಯುತ್ತೇವೆ. ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಪೇಟೆಯಲ್ಲಿ ಮಲಯಾಳ. ಸಂತೆಯಲ್ಲಿ ಇದು ಸಂಪತ್ತು. ಆದರೆ ವೈದ್ಯರ ಎದುರು, ಐದು ನಿಮಿಷದೊಳಗೆ, ದೇಹದ ಒಳಗಿನ ನೋವನ್ನು ಹೇಳಬೇಕಾದಾಗ ನಾಲಗೆ ತೊಡರುತ್ತದೆ. ಜೋಮು ಬೇರೆ, ಚಳುಕು ಬೇರೆ, ಸೆಳೆತ ಬೇರೆ, ಉರಿ ಬೇರೆ, ಮರಗಟ್ಟುವುದು ಬೇರೆ. ತುಳುವಿನಲ್ಲಿ "ಬೇನೆ" ಎಂದು ಶುರು ಮಾಡಿದವರು ಮಲಯಾಳದಲ್ಲಿ "ವೇದನ" ಎನ್ನುವಷ್ಟರಲ್ಲಿ ಈ ಭೇದಗಳೆಲ್ಲ ಅಳಿಸಿಹೋಗಿ ಒಂದೇ ಪದ ಉಳಿದಿರುತ್ತದೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಝಾಕ್ ಎಂಬ ಮನೋವಿಜ್ಞಾನಿ 1975ರಲ್ಲಿ ನೋವನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ರೋಗಿಗಳು ನೋವಿಗೆ ಬಳಸುವ 78 ಪದಗಳನ್ನು 20 ಗುಂಪುಗಳಾಗಿ ಜೋಡಿಸಿದ್ದಾರೆ. ನೋವು ಎಷ್ಟು ಎನ್ನುವುದರ ಜೊತೆಗೆ ಎಂಥದ್ದು ಎಂದೂ ಕೇಳಬೇಕು, ಪದವೇ ರೋಗದ ಸುಳಿವು ಕೊಡುತ್ತದೆ ಎಂಬುದು ಅವರ ತಿಳಿವು. ನಾವು ಕೂಟದಲ್ಲಿ ಹಳೆಯ ನೋಟ್‌ಬುಕ್ಕೊಂದರಲ್ಲಿ ಕನ್ನಡ, ತುಳು, ಮಲಯಾಳದ ಇಂಥ ಪದಗಳನ್ನು ಬರೆಯುತ್ತ ಬಂದಿದ್ದೇವೆ. ಜೋಮಿಗೆ ಮಲಯಾಳದಲ್ಲಿ "ತರಿಪ್ಪ್" ಎಂದು ಹೇಳಬೇಕೆಂಬುದನ್ನು ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ಅಲ್ಲಿಯೇ ಕಲಿತು, ಮುಂದಿನ ಸಲ ಆಸ್ಪತ್ರೆಯಲ್ಲಿ ಹೇಳಿ ಬಂದರು.

ಪದ ಕಲಿಯುವುದು ಬರಿಯ ಭಾಷಾಪ್ರೇಮವಲ್ಲ ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. ನಮ್ಮ ಕೂಟಕ್ಕೆ ಬರುತ್ತಿದ್ದ, ಬೀಡಿ ಕಟ್ಟುವ ಅಕ್ಕ ಒಬ್ಬರು ಒಂದು ಭಾನುವಾರ ಸುಮ್ಮನೆ ಕುಳಿತಿದ್ದರು. ಕೂಟ ಮುಗಿದು ಎಲ್ಲರೂ ಚಹಾ ಕುಡಿಯುವಾಗ ನನ್ನನ್ನು ಬಾವಿಕಟ್ಟೆಯ ಬದಿಗೆ ಕರೆದು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಟೀಚರೇ, ನಿನ್ನೆಯಿಂದ ಕೂತರೆ ಕೂತದ್ದೇ ಗೊತ್ತಾಗುವುದಿಲ್ಲ. ಮೂತ್ರಕ್ಕೆ ಹೋಗಬೇಕು ಅಂತಲೂ ಅನಿಸುವುದಿಲ್ಲ. ಗಂಡಸು ಡಾಕ್ಟ್ರ ಹತ್ತಿರ ಇದನ್ನು ಹೇಗೆ ಹೇಳುವುದು?" ಎಂದರು. ಡಾಕ್ಟರರಿಗೆ ಅವರು ಹೇಳಿದ್ದು "ಸೊಂಟ ಬೇನೆ ಜಾಸ್ತಿ ಉಂಟು" ಎಂಬಷ್ಟನ್ನೇ. ತೊಡೆಸಂದಿ, ಮಲಮೂತ್ರದ ಜಾಗಗಳ ಸುತ್ತ ಸ್ಪರ್ಶ ಹೋಗುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಎರಡೂ ಕಾಲು ಸೋಲುವುದು, ಇವು ಬೆನ್ನುಹುರಿಯ ತುದಿಯ ನರಗಳ ಗೊಂಚಲು ಒತ್ತಿಹೋಗಿರುವ ಲಕ್ಷಣಗಳು. ಅದಕ್ಕೆ ಕಾಯುವ ಸಮಯವಿಲ್ಲ, ನಾಳೆ ನೋಡೋಣ ಎನ್ನುವಂತಿಲ್ಲ. ನಮ್ಮ ಕೂಟದಲ್ಲಿ ವೈದ್ಯರಿಲ್ಲ, ಆದರೆ ಇದೊಂದನ್ನು ಎಲ್ಲರೂ ಕಲಿತಿದ್ದೇವೆ. ಆ ಸಂಜೆಯೇ ಕಾರು ಮಾಡಿ ಕರೆದುಕೊಂಡು ಹೋದೆವು, ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಈಗ ಅವರು ನಡೆಯುತ್ತಾರೆ, ಸ್ವಲ್ಪ ಜೋಮು ಉಳಿದಿದೆ. ಚಹಾ ಕುಡಿಯುವ ಆ ಹತ್ತು ನಿಮಿಷ ಇಲ್ಲದೆ ಹೋಗಿದ್ದರೆ ಅವರು ಆ ಮಾತನ್ನು ಯಾರಿಗೆ ಹೇಳುತ್ತಿದ್ದರು? ಇನ್ನೂ ಕೆಲವು ಸೂಚನೆಗಳಿವೆ: ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು, ಬಿದ್ದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು. ಬೆನ್ನುಮೂಳೆಗೆ ಕ್ಷಯ ಬರುವುದುಂಟು ಎಂಬುದನ್ನು ನಮ್ಮ ದೇಶದವರು ಮರೆಯಬಾರದು. ಇಂಥವರನ್ನು ಕೂಟದಲ್ಲಿ ಕೂರಿಸಿ ಸಮಾಧಾನ ಹೇಳುವುದು ತಪ್ಪು. ಅವರನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು.

ಒಂದೇ ಕಷ್ಟದವರು ಒಂದೆಡೆ ಕುಳಿತು ಮಾತಾಡುವ ಪದ್ಧತಿ ಹೊಸತೇನಲ್ಲ. ಅಮೆರಿಕದಲ್ಲಿ ಕುಡಿತ ಬಿಡಲು ಬಯಸಿದವರ ಕೂಟ 1935ರಲ್ಲಿ ಆರಂಭವಾಯಿತು. ಅದೇ ದೇಶದಲ್ಲಿ 1980ರಲ್ಲಿ ಪೆನ್ನಿ ಕೋವನ್ ಎಂಬ ಮಹಿಳೆ, ತಾವೇ ದೀರ್ಘಕಾಲದ ನೋವನ್ನು ಅನುಭವಿಸಿದವರು, ನೋವಿನವರಿಗಾಗಿ ಸಂಘವೊಂದನ್ನು ಕಟ್ಟಿದರು. ನಮ್ಮ ಕೇರಳದ ಉದಾಹರಣೆ ಇನ್ನೂ ಹತ್ತಿರದ್ದು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಗೆಳೆಯರು ಆರಂಭಿಸಿದ ನೋವು ಹಾಗೂ ಸಾಂತ್ವನ ಆರೈಕೆಯ ಕೆಲಸ ಊರೂರಿನ ಸ್ವಯಂಸೇವಕರ ಕೈಗೆ ಬಂದಿತು, 2008ರಲ್ಲಿ ರಾಜ್ಯ ಸರಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ಕಡೆಯಿಂದ ದಾದಿಯರು ಬರುವುದನ್ನು ನೀವೆಲ್ಲ ನೋಡಿದ್ದೀರಿ. ಸೊಂಟನೋವಿನವರು ಹಾಸಿಗೆ ಹಿಡಿದವರಲ್ಲ, ಸಾಯುವ ಕಾಯಿಲೆಯವರೂ ಅಲ್ಲ, ಆದ್ದರಿಂದ ಆ ಬಾಗಿಲು ನಮಗೆ ತೆರೆದದ್ದಲ್ಲ. ಆದರೆ ನೆರೆಹೊರೆಯವರೇ ನೋವನ್ನು ಹಂಚಿಕೊಳ್ಳಬಹುದು ಎಂಬ ಧೈರ್ಯವನ್ನು ಅದೇ ಕೊಟ್ಟಿತು. ಜೊತೆಗೆ, 1998ರಿಂದ ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ನೆರೆಹೊರೆಯ ಗುಂಪುಗಳಾದ ಅಯಲ್‌ಕೂಟಗಳಲ್ಲಿ ವಾರವಾರ ಕುಳಿತು ರೂಢಿಯಾದ ಹೆಂಗಸರು ನಮ್ಮಲ್ಲಿದ್ದಾರೆ. ಸುತ್ತ ಕೂರುವುದು, ಸರದಿಯಂತೆ ಮಾತಾಡುವುದು, ಪುಸ್ತಕದಲ್ಲಿ ಬರೆಯುವುದು, ಇದನ್ನೆಲ್ಲ ಅವರಿಗೆ ಯಾರೂ ಕಲಿಸಬೇಕಾಗಲಿಲ್ಲ, ಅವರೇ ನಮಗೆ ಕಲಿಸಿದರು.

ನಮ್ಮ ಕೂಟಕ್ಕೆ ಹೆಸರಿಲ್ಲ, ರಿಜಿಸ್ಟ್ರೇಶನ್ ಇಲ್ಲ, ಚಂದಾ ಇಲ್ಲ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ಇಂಥದೇ ಒಂದು ವಾಚನಾಲಯದಲ್ಲಿ ಸೇರುತ್ತೇವೆ. ಎಂಟು ಜನರಿಂದ ಹದಿನೈದು ಜನರವರೆಗೆ ಬರುತ್ತಾರೆ. ಕೈಯಿರುವ ಕುರ್ಚಿಗಳು ಆರು, ಗೋಡೆಯ ಉದ್ದಕ್ಕೆ ಒಂದು ಬೆಂಚು, ಮಲಗಬೇಕಾದವರಿಗೆ ಎರಡು ಚಾಪೆ. ಮಲಗಿಕೊಂಡೇ ಮಾತಾಡುವವರಿದ್ದಾರೆ, ಅದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಒಬ್ಬೊಬ್ಬರಿಗೆ ಐದು ನಿಮಿಷ. ಮಾತಿನ ನಡುವೆ ಬಾಯಿ ಹಾಕುವಂತಿಲ್ಲ. ಮಾತ್ರೆಯ ಹೆಸರು ಹೇಳುವಂತಿಲ್ಲ, ತನ್ನ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಯಾವ ವೈದ್ಯರನ್ನೂ ಹೊಗಳುವಂತಿಲ್ಲ, ತೆಗಳುವಂತಿಲ್ಲ. ಕೂಟದಲ್ಲಿ ಕೇಳಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ಹೇಳುವಂತಿಲ್ಲ. ಸಣ್ಣ ಊರಿನಲ್ಲಿ ಈ ಕೊನೆಯದೇ ಕಠಿಣ ನಿಯಮ, ಅದನ್ನು ಮುರಿದದ್ದಕ್ಕೆ ಒಬ್ಬರನ್ನು ಆರು ತಿಂಗಳು ಬರಬೇಡಿ ಎಂದದ್ದೂ ಉಂಟು.

ಸ್ಕ್ಯಾನಿನ ಲಕೋಟೆಯನ್ನು ತೆರೆಯಬಾರದು ಎಂಬ ಇನ್ನೊಂದು ನಿಯಮ ಆಮೇಲೆ ಬಂತು. ಆರಂಭದಲ್ಲಿ ಎಲ್ಲರೂ ಆ ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಿದ್ದರು. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, "ನಿಮ್ಮದು ಎಷ್ಟು ಡಿಸ್ಕ್? ನನ್ನದು ಮೂರು" ಎಂದು, ಬೆನ್ನುಮೂಳೆಗಳ ನಡುವಿನ ಮೆತ್ತೆಗಳಲ್ಲಿ (ಡಿಸ್ಕ್) ಎಷ್ಟು ಕೆಟ್ಟಿವೆಯೆಂದು ಲೆಕ್ಕ ಹಾಕುತ್ತಿದ್ದರು. ಕಲ್ಲುಕೋರೆಯಲ್ಲಿ ದುಡಿಯುತ್ತಿದ್ದ ಅಣ್ಣ ಒಬ್ಬರು ವರದಿಯಲ್ಲಿ "ಸವೆತ" ಎಂಬ ಅರ್ಥದ ಶಬ್ದವಿದೆಯೆಂದು ಯಾರೋ ಓದಿ ಹೇಳಿದ ದಿನದಿಂದ ಬಗ್ಗುವುದನ್ನೇ ಬಿಟ್ಟಿದ್ದರು. ಕೆಳಗೆ ಬಿದ್ದ ಬೀಗದ ಕೈಯನ್ನು ಮಗಳು ಶಾಲೆಯಿಂದ ಬಂದ ಮೇಲೆ ಎತ್ತಿಕೊಡಬೇಕು. ಬೆನ್ನು ಸವೆದಿದೆ, ಬಗ್ಗಿದರೆ ತುಂಡಾಗುತ್ತದೆ ಎಂಬ ಚಿತ್ರ ಅವರ ಮನಸ್ಸಿನಲ್ಲಿ ಕುಳಿತಿತ್ತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ವಯಸ್ಸಿನವರಲ್ಲೇ 37 ಶೇಕಡಾ, ಎಂಬತ್ತರವರಲ್ಲಿ 96 ಶೇಕಡಾ ಮಂದಿಗೆ ಡಿಸ್ಕ್ ಸವೆತ ಕಂಡಿತು. ನೋವಿಲ್ಲದವರಲ್ಲಿ ಎಂಬುದನ್ನು ಗಮನಿಸಿ. ಕೂದಲು ನರೆತಂತೆ ಡಿಸ್ಕೂ ವಯಸ್ಸಿನ ಗುರುತನ್ನು ತೋರುತ್ತದೆ. ಸ್ಕ್ಯಾನ್ ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ರೋಗಿಯ ಕಾಲಿನ ಬಲ, ಸ್ಪರ್ಶ, ನೋವಿನ ದಾರಿಗಳ ಜೊತೆಗಿಟ್ಟು ಓದಬೇಕಾದವರು ವೈದ್ಯರು, ನಾವಲ್ಲ. ಆ ಅಣ್ಣನಿಗೆ ಫಿಸಿಯೋಥೆರಪಿಯವರು ಬಗ್ಗುವುದನ್ನು ಮತ್ತೆ ಕಲಿಸಿದರು. ಆದರೆ ಅವರನ್ನು ಅಲ್ಲಿಗೆ ಹೋಗುವಂತೆ ಮಾಡಿದ್ದು ಕೂಟದ ಇನ್ನೊಬ್ಬ ಸದಸ್ಯರು. ಅವರು ಯಕ್ಷಗಾನ ಕಲಾವಿದರು, ತೆಂಕುತಿಟ್ಟಿನ ಪುಂಡುವೇಷದವರು, ಒಂದು ಕಾಲದಲ್ಲಿ ರಂಗಸ್ಥಳದಲ್ಲಿ ಸಾಲು ಸಾಲಾಗಿ ದಿಗಿಣ ಹಾರಿದವರು. ಅವರ ಸ್ಕ್ಯಾನಿನಲ್ಲೂ ಅದೇ ಶಬ್ದವಿತ್ತು. ಅವರು ಏನೂ ಹೇಳದೆ ಎದ್ದು, ನಿಧಾನವಾಗಿ ಮಂಡಿ ಮಡಚಿ ಬಗ್ಗಿ, ಅಣ್ಣನ ಚಪ್ಪಲಿಯನ್ನು ಎತ್ತಿ ಬೆಂಚಿನ ಮೇಲೆ ಇಟ್ಟರು.

ಹೆದರಿಕೆ ನೋವನ್ನು ಬೆಳೆಸುತ್ತದೆ ಎಂಬುದಕ್ಕೆ ವಿಜ್ಞಾನದ ಆಧಾರವೂ ಇದೆ. ಅದೇ ಮೆಲ್ಝಾಕ್ ಅವರು ಪ್ಯಾಟ್ರಿಕ್ ವಾಲ್ ಅವರೊಂದಿಗೆ 1965ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ನೋವಿನ ಸಂದೇಶಗಳು ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಿ ಮೆದುಳಿಗೆ ಹೋಗುತ್ತವೆ. ಮೆದುಳಿನಿಂದ ಇಳಿದು ಬರುವ ಸಂದೇಶಗಳು ಆ ಬಾಗಿಲನ್ನು ಹೆಚ್ಚು ತೆರೆಯಲೂ ಬಹುದು, ಸ್ವಲ್ಪ ಮುಚ್ಚಲೂ ಬಹುದು. ಇದನ್ನು "ನೋವು ಮನಸ್ಸಿನದ್ದೇ" ಎಂದು ಅರ್ಥಮಾಡಿಕೊಂಡು ರೋಗಿಯನ್ನು ನೋಯಿಸುವವರಿದ್ದಾರೆ. ಹಾಗಲ್ಲ. ನೋವು ನರದ್ದೇ. ಆ ನರವ್ಯೂಹದೊಳಗೇ ಭಯ, ನಿದ್ರೆ, ಒಂಟಿತನಗಳೂ ಸೇರಿವೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದೀರ್ಘಕಾಲದ ಸೊಂಟನೋವಿಗೆ ತಿಳಿವಳಿಕೆ ನೀಡುವುದು, ವ್ಯಾಯಾಮ, ಮನಸ್ಸಿಗೆ ಸಂಬಂಧಿಸಿದ ಚಿಕಿತ್ಸೆಗಳಿಗೆ ಜಾಗ ಕೊಟ್ಟಿದೆ, ಬೆಲ್ಟು ಮತ್ತು ಟ್ರ್ಯಾಕ್ಷನ್‌ಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಕೊಡಬೇಡಿ ಎಂದಿದೆ. ನಾನು ಎಂಟು ತಿಂಗಳು ಬಿಗಿದುಕೊಂಡಿದ್ದ ಬೆಲ್ಟು ಈಗಲೂ ಮನೆಯ ಅಟ್ಟದಲ್ಲಿದೆ.

ಇನ್ನು ಶಸ್ತ್ರಚಿಕಿತ್ಸೆ. "ಆಪರೇಷನ್ ಮಾಡಿಸಲಾ, ಬೇಡವಾ?" ಎಂದು ಕೇಳಿಕೊಂಡು ಬರುವವರೇ ಹೆಚ್ಚು. ನಮ್ಮ ಉತ್ತರ ಒಂದೇ: ಅದನ್ನು ನಾವು ಹೇಳುವುದಿಲ್ಲ. ಕೂಟಗಳು ದಾರಿ ತಪ್ಪುವುದು ಸಾಮಾನ್ಯವಾಗಿ ಇಲ್ಲಿಯೇ. ಶಸ್ತ್ರಚಿಕಿತ್ಸೆಯಿಂದ ಗುಣವಾದವರು ಎಲ್ಲರಿಗೂ ಅದನ್ನೇ ಹೇಳುತ್ತಾರೆ, ಕೆಟ್ಟ ಅನುಭವವಾದವರು ಎಲ್ಲರನ್ನೂ ಹೆದರಿಸುತ್ತಾರೆ. ಆದ್ದರಿಂದ ಹೊಸಬರೊಬ್ಬರು ಈ ಪ್ರಶ್ನೆ ತಂದಾಗ ಗುಣವಾದವರೊಬ್ಬರು, ನೋವು ಉಳಿದವರೊಬ್ಬರು, ಶಸ್ತ್ರಚಿಕಿತ್ಸೆಯಿಲ್ಲದೆ ಸುಧಾರಿಸಿದವರೊಬ್ಬರು, ಹೀಗೆ ಮೂವರೂ ಮಾತಾಡಬೇಕೆಂದು ಮಾಡಿಕೊಂಡಿದ್ದೇವೆ. ಮೂವರಲ್ಲಿ ಒಬ್ಬರು ಆ ದಿನ ಬಾರದಿದ್ದರೆ ಮುಂದಿನ ತಿಂಗಳಿಗೆ ಕಾಯುತ್ತೇವೆ, ಅವಸರದ ಪ್ರಕರಣವಲ್ಲದಿದ್ದರೆ. ನೆದರ್ಲೆಂಡ್ಸಿನಲ್ಲಿ ಕಾಲಿಗೆ ಇಳಿಯುವ ತೀವ್ರ ನೋವಿದ್ದ 283 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ, ಇನ್ನೊಂದಕ್ಕೆ ಕಾದು ನೋಡುವ ಚಿಕಿತ್ಸೆ ಕೊಟ್ಟು ಹೋಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಬೇಗನೆ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ 95 ಶೇಕಡಾ ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ 39 ಶೇಕಡಾ ಮಂದಿ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು ಎಂಬುದನ್ನೂ ಸೇರಿಸಿಯೇ ಓದಬೇಕು. ಅಂದರೆ ಕಾಲಿನ ಬಲ ಕುಂದದಿರುವ ಎಷ್ಟೋ ಜನರಿಗೆ ಇದು ಜೀವನ್ಮರಣದ ಆಯ್ಕೆಯಲ್ಲ. ಎಷ್ಟು ದಿನ ನೋವು ತಡೆದುಕೊಳ್ಳಬಲ್ಲೆ, ಕೂಲಿ ಬಿಟ್ಟು ಎಷ್ಟು ದಿನ ಮನೆ ನಡೆದೀತು ಎಂಬ ಲೆಕ್ಕ. ಆ ಲೆಕ್ಕ ಪ್ರತಿ ಮನೆಗೂ ಬೇರೆ.

ನಾವು ಮಾಡುವುದು ಪ್ರಶ್ನೆಗಳನ್ನು ಬರೆದುಕೊಡುವ ಕೆಲಸ. ಈ ಶಸ್ತ್ರಚಿಕಿತ್ಸೆ ಕಾಲಿನ ನೋವಿಗಾ, ಸೊಂಟದ ನೋವಿಗಾ? ಡಿಸ್ಕಿನ ತುಂಡು ತೆಗೆಯುವುದು ಮಾತ್ರವಾ, ಸ್ಕ್ರೂ ಹಾಕಿ ಮೂಳೆ ಬೆಸೆಯುವುದೂ ಉಂಟಾ? ಮಾಡದೆ ಆರು ವಾರ ಕಾದರೆ ಏನಾಗಬಹುದು? ನಾನು ತೆಗೆದುಕೊಳ್ಳುವ ಬಿಪಿ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಏನು ಮಾಡಬೇಕು? ಯಾವಾಗ ಬಸ್ಸಿನಲ್ಲಿ ಕೂರಬಹುದು, ಯಾವಾಗ ಮರ ಏರಬಹುದು, ಅಥವಾ ಇನ್ನು ಏರಲೇಬಾರದಾ? ಆರೋಗ್ಯ ವಿಮೆಯ ಕಾರ್ಡು ಈ ಆಸ್ಪತ್ರೆಯಲ್ಲಿ, ಈ ಚಿಕಿತ್ಸೆಗೆ ನಡೆಯುತ್ತದಾ? ಗಡಿಯ ಆಚೆ ಮಂಗಳೂರಿಗೆ ಹೋಗುವ ರೂಢಿಯವರು ನಾವು, ಈ ಕೊನೆಯ ಪ್ರಶ್ನೆಯನ್ನು ಆಸ್ಪತ್ರೆಗೆ ಸೇರುವ ಮೊದಲೇ ಕೇಳಬೇಕು. 2020ರ ಮಾರ್ಚ್ ಕೊನೆಗೆ, ಕೊರೋನಾ ಕಾಲದಲ್ಲಿ, ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆಯೇ ಮುಚ್ಚಿದಾಗ ಈ ಜಿಲ್ಲೆಯ ರೋಗಿಗಳು ಪಟ್ಟ ಪಾಡನ್ನು ನೀವು ಮರೆತಿರಲಾರಿರಿ. ಅದಾದ ಮೇಲೆ ನಮ್ಮಲ್ಲಿ ಎಲ್ಲರೂ ತಮ್ಮ ಹಳೆಯ ವರದಿಗಳ ಒಂದು ಪ್ರತಿಯನ್ನು ಗಡಿಯ ಈಚೆಗೂ ಒಬ್ಬ ವೈದ್ಯರಲ್ಲಿ ತೋರಿಸಿ ಇಟ್ಟುಕೊಳ್ಳುತ್ತಾರೆ.

ಒಪ್ಪಿಗೆ ಪತ್ರದ ವಿಚಾರ ನನಗೆ ಸ್ವಂತ ನೋವಿನದ್ದು. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಕಲಿತ ನನ್ನ ವಯಸ್ಸಿನ ಎಷ್ಟೋ ಜನರ ಸ್ಥಿತಿ ಇದೇ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಒಂದು ಕಾಗದ ತಂದು, ಇಲ್ಲಿ ಸಹಿ ಮಾಡಿ ಎಂದರು. ಮೂವತ್ತು ವರ್ಷ ಮಕ್ಕಳಿಗೆ "ಓದದೆ ಸಹಿ ಹಾಕಬೇಡಿ" ಎಂದು ಹೇಳಿದ ನಾನು ಓದಲಾಗದ ಕಾಗದಕ್ಕೆ ಸಹಿ ಹಾಕಿದೆ. ಕೈ ನಡುಗಿದ್ದು ಶಸ್ತ್ರಚಿಕಿತ್ಸೆಯ ಭಯಕ್ಕಲ್ಲ. ಈಗ ಯಾರಿಗೇ ದಿನ ನಿಗದಿಯಾದರೂ ಕೂಟದಿಂದ ಎರಡು ಲಿಪಿ ಬಲ್ಲವರೊಬ್ಬರು ಅವರ ಜೊತೆಗೆ ಹೋಗಿ, ಕಾಗದವನ್ನು ಹಗಲಿನಲ್ಲೇ ಕೇಳಿ ಪಡೆದು, ವಾಕ್ಯ ವಾಕ್ಯವಾಗಿ ಓದಿ ಹೇಳುತ್ತಾರೆ. ಇದಕ್ಕೆ ಯಾವ ಆಸ್ಪತ್ರೆಯವರೂ ಇದುವರೆಗೆ ಅಡ್ಡಿ ಹೇಳಿಲ್ಲ. ದಾದಿಯರಿಗೆ ಸಂತೋಷವೇ ಆಗಿದೆ.

ಮನೆಯ ಸಿದ್ಧತೆಯನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಅದನ್ನು ನಾವು ಮಾಡಿ ತೋರಿಸುತ್ತೇವೆ. ವಾಚನಾಲಯದ ಬೆಂಚಿನ ಮೇಲೆ ಒಬ್ಬರು ಮಲಗಿ, ಮೊದಲು ಮಂಡಿ ಮಡಚಿ, ಭುಜ ಮತ್ತು ಸೊಂಟ ಒಂದೇ ಮರದ ದಿಮ್ಮಿಯಂತೆ ಒಟ್ಟಿಗೆ ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗೆ ಬಿಡುತ್ತ ಮೊಣಕೈ ಊರಿ ಏಳುವುದನ್ನು ಅಭ್ಯಾಸ ಮಾಡುತ್ತಾರೆ. ನೋಡಲು ಸಣ್ಣ ಸಂಗತಿ. ಶಸ್ತ್ರಚಿಕಿತ್ಸೆಯ ಮರುದಿನ ಎದ್ದು ನಿಲ್ಲಿ ಎಂದಾಗ ದೇಹಕ್ಕೆ ಅದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಕಮೋಡ್ ಇಲ್ಲದ ಮನೆಯಲ್ಲಿ ಮಧ್ಯೆ ತೂತು ಮಾಡಿದ ಪ್ಲಾಸ್ಟಿಕ್ ಕುರ್ಚಿ, ಎದೆಯೆತ್ತರಕ್ಕೆ ತಂದಿಟ್ಟ ಅಡುಗೆ ಪಾತ್ರೆಗಳು, ಹೆರೆಮಣೆಯ ಬದಲು ಮೇಜಿಗೆ ಸಿಕ್ಕಿಸುವ ಕಾಯಿ ತುರಿಯುವ ಯಂತ್ರ, ಬಾವಿಯಿಂದ ನೀರು ಸೇದುವವರು ಯಾರೆಂಬ ನಿಶ್ಚಯ. ಗಂಡಸರಿಗೆ ಶಸ್ತ್ರಚಿಕಿತ್ಸೆಯಾದರೆ ಮನೆಯಲ್ಲಿ ವಿಶ್ರಾಂತಿ ತಾನಾಗಿ ಸಿಗುತ್ತದೆ. ಹೆಂಗಸರಿಗೆ ಅದನ್ನು ಕೇಳಿ ಪಡೆಯಬೇಕು. ಹಾಗಾಗಿ ಒಂದು ಸಲವಾದರೂ ಮನೆಯವರನ್ನು, ಗಂಡನನ್ನೋ ಮಗನನ್ನೋ ಸೊಸೆಯನ್ನೋ, ಕೂಟಕ್ಕೆ ಕರೆತರಲು ಹೇಳುತ್ತೇವೆ. "ಅತ್ತೆ ಹೇಳುವಾಗ ನಾನು ನಂಬಿರಲಿಲ್ಲ, ಇಷ್ಟು ಜನ ಒಂದೇ ರೀತಿ ಹೇಳುವಾಗ ಗೊತ್ತಾಯಿತು" ಎಂದು ಒಬ್ಬ ಸೊಸೆ ಹೇಳಿದಳು. ಅವಳು ಅದನ್ನು ಎಲ್ಲರೆದುರು ಹೇಳುವ ಧೈರ್ಯ ಮಾಡಿದ್ದಕ್ಕೆ ನಾನು ಅವಳನ್ನು ಗೌರವಿಸುತ್ತೇನೆ.

ಕೂಟದ ಕಷ್ಟಗಳನ್ನೂ ಮುಚ್ಚಿಡಬಾರದು. ಮಾತು ದೂರುಗಳ ಸುತ್ತವೇ ತಿರುಗತೊಡಗಿದರೆ ಬಂದವರು ಬಂದದ್ದಕ್ಕಿಂತ ಭಾರವಾಗಿ ಮರಳುತ್ತಾರೆ. ಒಂದು ವರ್ಷ ನಮಗೆ ಹಾಗೆಯೇ ಆಗಿ, ಬರುವವರು ನಾಲ್ಕಕ್ಕೆ ಇಳಿದರು. ಆಮೇಲೆ ಪ್ರತಿಯೊಬ್ಬರೂ ಐದು ನಿಮಿಷದ ಕೊನೆಗೆ ಹೋದ ತಿಂಗಳು ಮಾಡಲಾಗದ, ಈ ತಿಂಗಳು ಮಾಡಿದ ಒಂದು ಕೆಲಸವನ್ನು ಹೇಳಬೇಕೆಂದು ಗೊತ್ತುಮಾಡಿದೆವು. ತೋಟದ ಎರಡನೆಯ ಕಣಿಯವರೆಗೆ ನಡೆದೆ, ಮೊಮ್ಮಗುವನ್ನು ಕೂತಲ್ಲಿಯೇ ಎತ್ತಿಕೊಂಡೆ, ಇಂಥವು. ಹಾಸಿಗೆ ಮಾರುವವರು, ಎಣ್ಣೆ ಮಾರುವವರು, ಕಾಂತದ ಪಟ್ಟಿ ಮಾರುವವರು ಸದಸ್ಯರ ವೇಷದಲ್ಲಿ ಬಂದದ್ದುಂಟು. ನೋವಿನವರ ಹಣ ಬೇಗ ಜಾರುತ್ತದೆ ಎಂಬುದು ಅವರಿಗೆ ಗೊತ್ತು. ಬಾಗಿಲಲ್ಲೇ ಕೈಮುಗಿದು ಕಳುಹಿಸುತ್ತೇವೆ. ಇನ್ನೊಂದು ಸಂಗತಿ ಗಂಭೀರವಾದದ್ದು. ವರ್ಷಗಟ್ಟಲೆ ನಿದ್ರೆಯಿಲ್ಲದೆ ನೊಂದವರು ಬದುಕು ಸಾಕೆಂದು ಹೇಳುವುದುಂಟು. ಆ ಮಾತನ್ನು ಕೂಟ ಹೊರಲಾರದು, ಹೊರಬಾರದು. ಅಂದು ಅವರನ್ನು ಒಂಟಿಯಾಗಿ ಮನೆಗೆ ಕಳುಹಿಸುವುದಿಲ್ಲ, ಮನೆಯವರಿಗೆ ತಿಳಿಸುತ್ತೇವೆ, ಮನೋವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಅದನ್ನು ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇವೆ.

ನಿಮ್ಮ ಊರಿನಲ್ಲಿ ಇಂಥದ್ದೊಂದನ್ನು ಶುರುಮಾಡಲು ಮೂರು ಜನ ಸಾಕು. ಮೆಟ್ಟಿಲು ಹತ್ತಬೇಕಾದ ಜಾಗ ಬೇಡ. ಅಡಿಕೆ ಕೊಯ್ಲಿನ ಸಮಯದಲ್ಲಿ ದಿನಗೂಲಿಯವರು ಹಗಲು ಬರಲಾರರು, ಅವರಿಗೆ ಸಂಜೆ ಇಡಿ. ಗಂಡಸರು ಮೊದಲ ಎರಡು ಸಲ ಹೊರಗೆ ನಿಂತು ಪೇಪರ್ ಓದುತ್ತಾರೆ, ಮೂರನೆಯ ಸಲ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುತ್ತಾರೆ, ಅವಸರಪಡಿಸಬೇಡಿ. ಶಸ್ತ್ರಚಿಕಿತ್ಸೆಯಾದವರನ್ನು ನೋಡಲು ಮೊದಲ ವಾರ ಒಬ್ಬರೇ ಹೋಗಿ, ಗುಂಪಾಗಿ ಹೋಗಬೇಡಿ, ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಹೋದವರು "ಪೂರಾ ಗುಣವಾಯಿತಾ?" ಎಂದು ಕೇಳುವುದಿಲ್ಲ. ನಮ್ಮಲ್ಲಿ ಕೇಳುವುದು, "ನಿನ್ನೆ ಎಲ್ಲಿಯವರೆಗೆ ನಡೆದಿರಿ?" ಎಂದು. ನನ್ನನ್ನು ನೋಡಲು ಬಂದವರು ಯಾರೂ ಅದನ್ನು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಅಡುಗೆಮನೆಯ ಹೊಸ್ತಿಲಿನಿಂದ ತುಳಸಿಕಟ್ಟೆಯವರೆಗೆ, ಗೋಡೆ ಹಿಡಿದುಕೊಂಡು, ಎರಡು ಸಲ.